ಆಕಾಶದ ಸದ್ದೋ, ಫ್ರಿಜ್ಜಿನ ಸದ್ದೋ?

ಪುಣೆಗೆ ಬಂದ ಮೊದಲ ವರ್ಷ ನಾವು ಮೂವರು ಗೆಳೆಯರು ಒಂದು ಬಾಡಿಗೆ ಮನೆಯಲ್ಲಿದ್ದೆವು. ರಾತ್ರಿ ಓಣಿಯೆಲ್ಲ ಮಲಗಿದ ಮೇಲೆ ಅಡುಗೆಮನೆಯಿಂದ ಕಿಣಿಕಿಣಿ ಸದ್ದು ಬರುತ್ತಿತ್ತು. ಒಬ್ಬ ಇಲಿ ಅಂದ. ಇನ್ನೊಬ್ಬ ಮೇಲಿನ ಮನೆಯವರ ಹೊಲಿಗೆ ಯಂತ್ರ ಅಂದ. ವಾರ ಕಳೆದ ಮೇಲೆ ಒಂದು ಸಂಗತಿ ಹೊಳೆಯಿತು: ಸದ್ದು ಬರುವುದು ನಮ್ಮ ಹಳೇ ಫ್ರಿಜ್ಜಿನ ಮೋಟಾರು ಓಡುವಾಗ ಮಾತ್ರ. ಅದರ ಮೇಲಿಟ್ಟಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ಮೋಟಾರಿನ ಜೊತೆ ನಡುಗುತ್ತಿತ್ತು. ಡಬ್ಬಿಯ ಕೆಳಗೆ ಒಂದು ಬಟ್ಟೆ ಮಡಿಚಿಟ್ಟೆವು, ಸದ್ದು ನಿಂತಿತು. ಮೇಲಿನ ಮನೆಯವರನ್ನು ಒಂದು ವಾರ ಸುಮ್ಮನೆ ಬೈದುಕೊಂಡಿದ್ದೆವು.

ಈ ಸಣ್ಣ ಪತ್ತೇದಾರಿಕೆ ನೆನಪಾದದ್ದು ಪ್ಲಾಂಕ್ ಎಂಬ ಬಾಹ್ಯಾಕಾಶ ದೂರದರ್ಶಕದ ಕತೆ ಓದುವಾಗ. ಅಲ್ಲೂ ಒಂದು ಫ್ರಿಜ್ಜು, ಅಲ್ಲೂ ಒಂದು ಸದ್ದು. ಆದರೆ ಅಲ್ಲಿ ತಪ್ಪಾಗಿ ಬೈಸಿಕೊಳ್ಳಬಹುದಾಗಿದ್ದದ್ದು ಮೇಲಿನ ಮನೆಯಲ್ಲ, ಇಡೀ ವಿಶ್ವ. ಆಕಾಶದಿಂದ ಬಂದದ್ದು ಯಾವುದು, ನಮ್ಮ ಯಂತ್ರದಿಂದಲೇ ಹುಟ್ಟಿದ್ದು ಯಾವುದು ಎಂದು ಬೇರ್ಪಡಿಸುವ ಕೆಲಸಕ್ಕೆ ರೇಡಿಯೊ ಖಗೋಳಶಾಸ್ತ್ರದಷ್ಟೇ ವಯಸ್ಸು. ಆ ಶಾಸ್ತ್ರ ಹುಟ್ಟಿದ್ದೇ ಇಂಥ ಒಂದು ಅನುಮಾನದಿಂದ.

1931ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದವರು ಕಾರ್ಲ್ ಯಾನ್ಸ್ಕಿ ಎಂಬ ತರುಣ ಎಂಜಿನಿಯರಿಗೆ ಒಂದು ಕೆಲಸ ಒಪ್ಪಿಸಿದ್ದರು. ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೊ ಮೂಲಕ ದೂರವಾಣಿ ಮಾತು ಕಳಿಸುವಾಗ ನಡುವೆ ಕರಕರ ಸದ್ದು ಸೇರಿಕೊಳ್ಳುತ್ತದೆ, ಅದು ಎಲ್ಲಿಂದ ಬರುತ್ತದೆ ನೋಡು ಎಂದು. ನ್ಯೂಜೆರ್ಸಿಯ ಹಾಮ್‌ಡೆಲ್‌ನಲ್ಲಿ ಅವನು ಫೋರ್ಡ್ ಕಾರಿನ ಚಕ್ರಗಳ ಮೇಲೆ ಸುತ್ತುವ ಉದ್ದನೆಯ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಕೇಳತೊಡಗಿದ. ಹತ್ತಿರದ ಗುಡುಗು ಒಂದು ಬಗೆ, ದೂರದ ಗುಡುಗು ಇನ್ನೊಂದು ಬಗೆ. ಇವೆರಡನ್ನೂ ತೆಗೆದಿಟ್ಟ ಮೇಲೂ ಒಂದು ಸಣ್ಣ ಹಿಸ್ಸ್ ಎನ್ನುವ ಸದ್ದು ಉಳಿಯಿತು. ಮೊದಲು ಸೂರ್ಯನ ಮೇಲೆ ಅನುಮಾನ ಹೋಯಿತು. ಆದರೆ ತಿಂಗಳುಗಟ್ಟಲೆ ಕೇಳಿದಾಗ ಸದ್ದು ಜೋರಾಗುವ ಗಳಿಗೆ ದಿನಕ್ಕೆ ನಾಲ್ಕು ನಿಮಿಷದಂತೆ ಹಿಂದೆ ಸರಿಯುತ್ತಿತ್ತು. ಅಂದರೆ ಅದರ ಆವರ್ತ 24 ಗಂಟೆಯಲ್ಲ, 23 ಗಂಟೆ 56 ನಿಮಿಷ. ಅದು ನಕ್ಷತ್ರಗಳ ದಿನ, ಸೂರ್ಯನ ದಿನವಲ್ಲ. ಭೂಮಿಯ ಮೇಲಿನ ಯಾವ ಕಾರ್ಖಾನೆಯೂ, ಯಾವ ವಿದ್ಯುತ್ ತಂತಿಯೂ ನಕ್ಷತ್ರಗಳ ಗಡಿಯಾರ ನೋಡಿ ಕೆಲಸ ಮಾಡುವುದಿಲ್ಲ. ಸದ್ದು ನಮ್ಮ ಆಕಾಶಗಂಗೆಯದು ಎಂದು ಯಾನ್ಸ್ಕಿ 1933ರಲ್ಲಿ ಪ್ರಕಟಿಸಿದ.

ಫ್ರಿಜ್ಜಿನ ವಿಷಯದಲ್ಲಿ ನಾವು ಕೇಳಿದ್ದೂ ಇದೇ ಪ್ರಶ್ನೆ: ಈ ಸದ್ದು ಯಾರ ಗಡಿಯಾರಕ್ಕೆ ಹೆಜ್ಜೆ ಹಾಕುತ್ತಿದೆ? ಮುಂದಿನ ಕತೆಯುದ್ದಕ್ಕೂ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿರೋಣ.

ಮೂವತ್ತು ವರ್ಷಗಳ ಮೇಲೆ ಅದೇ ಹಾಮ್‌ಡೆಲ್‌ನಲ್ಲಿ, ಅದೇ ಸಂಸ್ಥೆಯ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಇನ್ನೊಂದು ಸದ್ದಿಗೆ ಸಿಕ್ಕಿಬಿದ್ದರು. 1964ರಲ್ಲಿ ಅವರ ಕೊಂಬಿನಾಕಾರದ ಆಂಟೆನಾ, ಲೆಕ್ಕದ ಪ್ರಕಾರ ಇರಬೇಕಾದ್ದಕ್ಕಿಂತ ಸುಮಾರು 3.5 ಕೆಲ್ವಿನ್‌ನಷ್ಟು ಹೆಚ್ಚು ಬಿಸಿ ತೋರಿಸುತ್ತಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ, ಯಾವ ಋತುವಿನಲ್ಲೂ ಅಷ್ಟೇ. ಕೊಂಬಿನೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದರು. ತಗಡಿನ ಕೀಲುಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಸದ್ದು ಜಗ್ಗಲಿಲ್ಲ. ಕೊನೆಗೆ ಪಕ್ಕದ ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿಯ ಗುಂಪಿನ ಜೊತೆ ಮಾತಾಡಿದಾಗ ತಿಳಿಯಿತು: ಅದು ವಿಶ್ವ ಎಳೆಯದಾಗಿದ್ದಾಗಿನ ಬೆಳಕಿನ ಪಳೆಯುಳಿಕೆ. 1965ರಲ್ಲಿ ಪ್ರಕಟವಾಯಿತು, 1978ರಲ್ಲಿ ನೊಬೆಲ್ ಬಂತು.

ಈ ಕತೆಯನ್ನು ಅದೃಷ್ಟದ ಕತೆಯಾಗಿ ಹೇಳುವುದು ರೂಢಿ. ಆದರೆ ಅವರ ಮಾತನ್ನು ಜಗತ್ತು ನಂಬಿದ್ದು ಅವರು ಪಾರಿವಾಳದ ಹಿಕ್ಕೆಯನ್ನೂ ಬಿಡದೆ ತೊಳೆದಿದ್ದರು ಎಂಬ ಕಾರಣಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ತಮ್ಮ ಕುಣಿತವನ್ನು ಮೊದಲು ಸರಿಮಾಡಿಕೊಂಡು, ಆಮೇಲೆ ನೆಲ ನೋಡಿದವರು.

ಆ ಪಳೆಯುಳಿಕೆ ಬೆಳಕು ಎಲ್ಲ ಕಡೆ ಒಂದೇ ಸಮ ಎಂದು ತೋರಿದರೂ ಅದರಲ್ಲಿ ಲಕ್ಷದಲ್ಲಿ ಒಂದು ಪಾಲಿನಷ್ಟು ಏರುತಗ್ಗು ಇದೆ. ಮುಂದೆ ಗ್ಯಾಲಕ್ಸಿಗಳಾಗಿ ಬೆಳೆದದ್ದು ಆ ಏರುತಗ್ಗೇ. ಅದನ್ನು ಅಳೆಯಲು ಹೊರಟವರಿಗೆ ತೀರಾ ಸೂಕ್ಷ್ಮವಾದ ಡಿಟೆಕ್ಟರ್ ಬೇಕಾಯಿತು. ಅವರು ಆರಿಸಿಕೊಂಡದ್ದರಲ್ಲಿ ಒಂದು ಬೊಲೋಮೀಟರ್.

ಬೊಲೋಮೀಟರ್ ಹತ್ತೊಂಬತ್ತನೇ ಶತಮಾನದ ಉಪಕರಣ. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ 1880ರ ಸುಮಾರಿಗೆ ರೂಪಿಸಿದ್ದು. ತತ್ವ ಸರಳ: ಬೆಳಕು ಬಿದ್ದರೆ ವಸ್ತು ಬಿಸಿಯಾಗುತ್ತದೆ, ಬಿಸಿಯಾದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನು ಅಳೆದರೆ ಬೆಳಕನ್ನು ಅಳೆದಂತೆ. 1961ರಲ್ಲಿ ಫ್ರಾಂಕ್ ಲೋ ಜರ್ಮೇನಿಯಂ ತುಣುಕನ್ನು ದ್ರವ ಹೀಲಿಯಂನಲ್ಲಿ ತಣಿಸಿ ಬೊಲೋಮೀಟರಿನ ಸೂಕ್ಷ್ಮತೆಯನ್ನು ಹಲವು ಪಟ್ಟು ಹೆಚ್ಚಿಸಿದ. ಎಷ್ಟು ತಣ್ಣಗಿದ್ದರೆ ಅಷ್ಟು ಸೂಕ್ಷ್ಮ. ಆದರೆ ಅಷ್ಟು ಸೂಕ್ಷ್ಮವಾದದ್ದು ಬೆಳಕನ್ನು ಮಾತ್ರ ಕೇಳಿಸಿಕೊಂಡು ಉಳಿದದ್ದಕ್ಕೆ ಕಿವುಡಾಗಿರುತ್ತದೆಯೇ?

ಇರುವುದಿಲ್ಲ. ಹಳೆಯ ವಾಲ್ವ್ ರೇಡಿಯೊ ಇದ್ದ ಮನೆಯವರಿಗೆ ಇದು ಗೊತ್ತು. ವಾಲ್ವಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ಟಣ್ ಎಂದು ಕೇಳುತ್ತಿತ್ತು. ವಾಲ್ವಿನೊಳಗಿನ ತಂತಿ ಅಲುಗಿದರೆ ವಿದ್ಯುತ್ ಅಲುಗುತ್ತದೆ, ಅಂದರೆ ವಾಲ್ವೇ ಮೈಕ್ರೊಫೋನ್ ಆಗಿಬಿಡುತ್ತದೆ. ಅದಕ್ಕೇ ಈ ಕಾಯಿಲೆಗೆ ಮೈಕ್ರೊಫೋನಿಕ್ಸ್ ಎಂದು ಹೆಸರು.

ಬೊಲೋಮೀಟರಿನಲ್ಲಿ ಈ ಕಾಯಿಲೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕಂಪನ ನೇರವಾಗಿ ಬಿಸಿ ಹುಟ್ಟಿಸುವುದು. ಕೈಕೈ ಉಜ್ಜಿದರೆ ಬಿಸಿಯಾಗುತ್ತದಲ್ಲ, ಹಾಗೆ. ಸೊನ್ನೆ ಕೆಲ್ವಿನ್ನಿನ ಹತ್ತಿರ ಕೂತವರಿಗೆ ಒಂದು ಸಣ್ಣ ಉಜ್ಜುವಿಕೆಯೂ ಬೆಂಕಿಯೇ. ಎರಡನೆಯದು ತಂತಿಯ ದಾರಿ. ಡಿಟೆಕ್ಟರಿನಿಂದ ಹೊರಡುವ ತಂತಿಗೂ ಅದರ ಸುತ್ತಲ ಲೋಹಕ್ಕೂ ನಡುವೆ ಒಂದಿಷ್ಟು ಧಾರಕತೆ, ಅಂದರೆ ಕೆಪಾಸಿಟೆನ್ಸ್, ಇದ್ದೇ ಇರುತ್ತದೆ. ತಂತಿ ನಡುಗಿದಾಗ ಅಂತರ ಬದಲಾಗಿ ಧಾರಕತೆ ಬದಲಾಗುತ್ತದೆ. ತಂತಿಯ ಮೇಲೆ ವೋಲ್ಟೇಜ್ ಇರುವುದರಿಂದ ಸಣ್ಣದೊಂದು ವಿದ್ಯುತ್ ಹರಿಯುತ್ತದೆ. ಬೊಲೋಮೀಟರಿನ ರೋಧ ಲಕ್ಷಾಂತರ ಓಮ್. ಅಂಥ ರೋಧದ ಮೇಲೆ ಚಿಟಿಕೆಯಷ್ಟು ವಿದ್ಯುತ್ತೂ ದೊಡ್ಡ ವೋಲ್ಟೇಜ್ ಆಗಿ ಕಾಣುತ್ತದೆ. ಯಂತ್ರ ಅದನ್ನು ಬೆಳಕು ಎಂದು ಬರೆದುಕೊಳ್ಳುತ್ತದೆ.

ಮದ್ದುಗಳೂ ಒಂದೊಂದಾಗಿ ಬಂದವು. ತಂತಿಯನ್ನು ಬಿಗಿಯಾಗಿ ಕಟ್ಟುವುದು ಮೊದಲನೆಯದು. ಡಿಟೆಕ್ಟರಿನ ಪಕ್ಕದಲ್ಲೇ ಟ್ರಾನ್ಸಿಸ್ಟರ್ ಕೂರಿಸಿ, ಹೆಚ್ಚಿನ ರೋಧದ ತಂತಿ ಆದಷ್ಟು ಗಿಡ್ಡ ಇರುವಂತೆ ಮಾಡುವುದು ಎರಡನೆಯದು. ಡಿಟೆಕ್ಟರಿಗೆ ಒಂದೇ ದಿಕ್ಕಿನ ವಿದ್ಯುತ್ ಕೊಡುವ ಬದಲು ಹಿಂದೆಮುಂದೆ ತಿರುಗಿಸುತ್ತ ಕೊಟ್ಟು, ಆ ತಾಳಕ್ಕೆ ಸರಿಯಾಗಿ ಬಂದದ್ದನ್ನು ಮಾತ್ರ ಓದಿಕೊಳ್ಳುವುದು ಮೂರನೆಯದು. ನಾಲ್ಕನೆಯ ಮದ್ದು ಕಣ್ಣಿಗೂ ಚೆಂದ: ಜೇಮೀ ಬಾಕ್, ಆಂಡ್ರ್ಯೂ ಲಾಂಗ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಕ್ಯಾಲ್‌ಟೆಕ್ ಹಾಗೂ ಜೆಪಿಎಲ್‌ನಲ್ಲಿ ಬೆಳೆಸಿದ ಜೇಡರ ಬಲೆಯಂಥ ಬೊಲೋಮೀಟರ್. ಬಲೆಯ ಕಣ್ಣುಗಳಿಗಿಂತ ಬೆಳಕಿನ ಅಲೆ ದೊಡ್ಡದು, ಆದ್ದರಿಂದ ಸಿಕ್ಕಿಬೀಳುತ್ತದೆ. ಕಾಸ್ಮಿಕ್ ಕಿರಣಗಳು ಹೆಚ್ಚಾಗಿ ಕಣ್ಣುಗಳ ಮೂಲಕ ನುಸುಳಿ ಹೋಗುತ್ತವೆ. ಬಲೆ ಹಗುರವಾದ್ದರಿಂದ ಯಂತ್ರಗಳ ನಿಧಾನ ಕಂಪನಕ್ಕೆ ಅದು ಸುಲಭವಾಗಿ ಕುಣಿಯುವುದಿಲ್ಲ.

ಪ್ಲಾಂಕ್ ಹೊತ್ತೊಯ್ದದ್ದು ಈ ಜಾತಿಯ ಡಿಟೆಕ್ಟರುಗಳನ್ನು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2009ರ ಮೇ 14ರಂದು ಫ್ರೆಂಚ್ ಗಯಾನಾದ ಕೌರೂನಿಂದ, ಹರ್ಷೆಲ್ ದೂರದರ್ಶಕದ ಜೊತೆಗೆ ಒಂದೇ ರಾಕೆಟ್ಟಿನಲ್ಲಿ ಅದನ್ನು ಹಾರಿಸಿತು. ನೆಲೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ. ಅದರ ಹೈ ಫ್ರೀಕ್ವೆನ್ಸಿ ಉಪಕರಣದಲ್ಲಿ 52 ಬೊಲೋಮೀಟರುಗಳು, ಜೊತೆಗೆ ಬೆಳಕನ್ನೇ ನೋಡದಂತೆ ಮುಚ್ಚಿಟ್ಟ ಎರಡು ಕುರುಡು ಬೊಲೋಮೀಟರುಗಳು. ಈ ಕುರುಡರ ಕೆಲಸ ದೊಡ್ಡದು. ಅವರಿಗೂ ಏನಾದರೂ 'ಕಂಡರೆ' ಅದು ಆಕಾಶದಲ್ಲ ಎಂದು ಖಚಿತ.

ಇವೆಲ್ಲ 0.1 ಕೆಲ್ವಿನ್ನಿನಲ್ಲಿ ಇರಬೇಕಿತ್ತು. ಅದಕ್ಕೆ ಒಂದರೊಳಗೊಂದು ಫ್ರಿಜ್ಜು. ಬಿಸಿಲಿಗೆ ಬೆನ್ನು ಹಾಕಿ ಸುಮಾರು 50 ಕೆಲ್ವಿನ್, ಹೈಡ್ರೊಜನ್ ಫ್ರಿಜ್ಜಿನಿಂದ ಸುಮಾರು 20 ಕೆಲ್ವಿನ್, ಹೀಲಿಯಂ ಫ್ರಿಜ್ಜಿನಿಂದ 4 ಕೆಲ್ವಿನ್, ಕೊನೆಗೆ ಎರಡು ಬಗೆಯ ಹೀಲಿಯಂ ಬೆರೆಸುವ ಫ್ರಿಜ್ಜಿನಿಂದ 0.1. ಇವುಗಳ ನಡುವೆ 4 ಕೆಲ್ವಿನ್ನಿನ ಫ್ರಿಜ್ಜಿಗೆ ಮಾತ್ರ ನಮ್ಮ ಅಡುಗೆಮನೆಯ ಫ್ರಿಜ್ಜಿನಂತೆ ಕಂಪ್ರೆಸರ್ ಇತ್ತು. ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದವರು ಮಾಡಿದ್ದು. ಅದರ ಪಿಸ್ಟನ್ನು ಸೆಕೆಂಡಿಗೆ ಸುಮಾರು 40 ಬಾರಿ, ಕರಾರುವಾಕ್ಕಾಗಿ ಹೇಳಿದರೆ 40.08 ಬಾರಿ, ಹಿಂದೆಮುಂದೆ ಓಡುತ್ತಿತ್ತು.

ಅಪಾಯ ಎಲ್ಲರಿಗೂ ಮೊದಲೇ ಕಂಡಿತ್ತು. ಹಾಗಾಗಿ ಎರಡು ಕಂಪ್ರೆಸರುಗಳನ್ನು ಎದುರುಬದುರು ಕೂರಿಸಿ, ಒಂದರ ತಳ್ಳಾಟ ಇನ್ನೊಂದರಿಂದ ರದ್ದಾಗುವಂತೆ ಮಾಡಿದರು. ಉಳಿದ ಕಂಪನವನ್ನು ಅಳೆದು, ಅದಕ್ಕೆ ತಕ್ಕಂತೆ ಪಿಸ್ಟನ್ನಿನ ಓಟವನ್ನು ತಿದ್ದುವ ವ್ಯವಸ್ಥೆಯನ್ನೂ ಇಟ್ಟರು. ಇನ್ನೊಂದು ಮುಂಜಾಗ್ರತೆಯೂ ಇತ್ತು. ಬೊಲೋಮೀಟರುಗಳನ್ನು ಓದುವ ಹಿಂದೆಮುಂದಿನ ತಾಳ 90.19 ಹರ್ಟ್ಸ್. ಕಂಪ್ರೆಸರಿನ ತಾಳವನ್ನು ಅದರ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಸರಿಯಾಗಿ ಬೆಸೆದರು. ಎರಡು ತಾಳ ಹೀಗೆ ಬೆಸೆದುಕೊಂಡರೆ, ಎಷ್ಟೇ ಕಿರಿಕಿರಿ ಸೋರಿದರೂ ಅದು ಕೆಲವೇ ಗೊತ್ತಾದ ಸ್ಥಾನಗಳಲ್ಲಿ ಸೂಜಿಯಂಥ ಗೆರೆಯಾಗಿ ನಿಲ್ಲುತ್ತದೆ, ಎಲ್ಲೆಡೆ ಹರಡುವುದಿಲ್ಲ. ಕಳ್ಳನನ್ನು ಪೂರ್ತಿ ತಡೆಯಲಾಗದಿದ್ದರೂ ಅವನು ಇದೇ ಬಾಗಿಲಿಂದ ಬರಲಿ ಎಂಬ ಏರ್ಪಾಡು.

ಹಾರಿದ ಮೇಲೆ ಕಂಪನದ ಮದ್ದು ಕೆಲಸ ಮಾಡಿತು. ಯಾಂತ್ರಿಕ ನಡುಕ ಡಿಟೆಕ್ಟರುಗಳನ್ನು ಹೆಚ್ಚು ಕಾಡಲಿಲ್ಲ. ಆದರೂ ಗೆರೆಗಳು ಬಂದವು: 10, 20, 30, 40 ಹೀಗೆ ಸುಮಾರು ಹತ್ತತ್ತು ಹರ್ಟ್ಸ್ ಅಂತರದಲ್ಲಿ. ತಾಳ ಕಂಪ್ರೆಸರಿನದೇ, ಅನುಮಾನವಿಲ್ಲ. ಆದರೆ ಕಂಪ್ರೆಸರ್ ನಡುಗುತ್ತಿರುವುದರಿಂದಲೇ ಬಂದಿದೆ ಎಂದು ಹೇಳಿದರೆ ತಪ್ಪಾಗುತ್ತಿತ್ತು. ಪಿಸ್ಟನ್ ಓಡಿಸಲು ಅದೇ ತಾಳದಲ್ಲಿ ದೊಡ್ಡ ವಿದ್ಯುತ್ ಹರಿಯಬೇಕು. ಆ ವಿದ್ಯುತ್ತಿನ ಸೋಂಕು ಡಿಟೆಕ್ಟರಿನ ಸೂಕ್ಷ್ಮ ಸರ್ಕ್ಯೂಟಿಗೆ ತಟ್ಟುತ್ತಿತ್ತು. ಮೈ ನಡುಗಿಸುವವನು ಮತ್ತು ಕಿವಿಯಲ್ಲಿ ಪಿಸುಗುಡುವವನು ಇಬ್ಬರದೂ ಒಂದೇ ತಾಳ. ತಾಳ ಹೊಂದಿತೆಂದು ಮೊದಲು ಕಂಡವನನ್ನು ಹಿಡಿದರೆ ಎರಡನೆಯವನು ತಪ್ಪಿಸಿಕೊಳ್ಳುತ್ತಾನೆ. ಕಂಪನದ ಕಾಯಿಲೆ ಪತ್ತೆ ಮಾಡುವವರು ಕಲಿಯಬೇಕಾದ ಎರಡನೆಯ ಪಾಠ ಇದು.

40ರ ತಾಳದಿಂದ 30ರ ಗೆರೆ ಹೇಗೆ ಬಂತು? ಟ್ಯೂಬ್‌ಲೈಟಿನ ಕೆಳಗೆ ತಿರುಗುವ ಫ್ಯಾನು ಒಮ್ಮೊಮ್ಮೆ ನಿಧಾನಕ್ಕೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮಾಯೆ. ಕಂಪ್ರೆಸರಿನ ಮೂರನೆಯ ಸ್ವರ 40.08ರ ಮೂರು ಪಟ್ಟು, ಅಂದರೆ 120.24. ಅದನ್ನು 90.19ರ ತಾಳದಲ್ಲಿ ಓದಿದಾಗ ವ್ಯತ್ಯಾಸ 30.05 ಎಂದು ಕಾಣುತ್ತದೆ. ಈ 30 ಎಂಬ ಅಂಕಿಯನ್ನು ನೆನಪಿಡಿ.

ಪ್ಲಾಂಕ್ ತಂಡ ಈ ಗೆರೆಗಳನ್ನು ಅಂಕಿಅಂಶದಿಂದ ಕಳೆದು, 2013ರ ಮಾರ್ಚ್ 21ರಂದು ತನ್ನ ಮೊದಲ ವಿಶ್ವಶಾಸ್ತ್ರದ ಫಲಿತಾಂಶ ಪ್ರಕಟಿಸಿತು. ವಿಶ್ವದ ವಯಸ್ಸು 1,380 ಕೋಟಿ ವರ್ಷ ಎಂಬ ಲೆಕ್ಕವೂ, ಮೊಟ್ಟೆಯಾಕಾರದ ಆ ನೀಲಿ ಕೇಸರಿ ನಕ್ಷೆಯೂ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಆಗ. ನಕ್ಷೆಯ ಏರುತಗ್ಗುಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಒಂದು ಗ್ರಾಫ್ ಬರೆಯುತ್ತಾರೆ. ಅಡ್ಡಗೆರೆಯ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಆಕಾಶದಲ್ಲಿ ಆ ಏರುತಗ್ಗಿನ ಗಾತ್ರ ಚಿಕ್ಕದು. ಸಿದ್ಧಾಂತದ ಗೆರೆಗೂ ಅಳತೆಯ ಚುಕ್ಕಿಗಳಿಗೂ ಅಚ್ಚರಿಯ ಹೊಂದಾಣಿಕೆ ಇತ್ತು. ಆದರೆ 217 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1800ರ ಹತ್ತಿರ ಚುಕ್ಕಿಗಳು ಸ್ವಲ್ಪ ಕೆಳಗೆ ಇಳಿದು ಒಂದು ಸಣ್ಣ ಗುಂಡಿ ಬಿದ್ದಿತ್ತು.

ಸಣ್ಣದೇ. ಆದರೆ ವಿಶ್ವದ ಮೊದಲ ಕ್ಷಣದ ಹಿಗ್ಗುವಿಕೆ ನಡುವೆ ಎಲ್ಲಾದರೂ ಎಡವಿದ್ದರೆ ಇಂಥದೇ ಗುರುತು ಉಳಿಯಬಹುದು ಎನ್ನುವುದು ಸಿದ್ಧಾಂತಿಗಳಿಗೆ ಗೊತ್ತು. ಆರಂಭದ ಏರುತಗ್ಗನ್ನು ಹಿಮ್ಮುಖವಾಗಿ ಲೆಕ್ಕ ಹಾಕಿದಾಗ ಆ ಗುಂಡಿ ಅಲ್ಲಿಯೂ ತಲೆ ಹಾಕಿತು. ಅದರ ಸುತ್ತ ಹೊಸ ಭೌತಶಾಸ್ತ್ರ ಕಟ್ಟುವ ಆಸೆ ಯಾರಿಗೆ ಹುಟ್ಟುವುದಿಲ್ಲ?

ತಂಡದವರು ತಮ್ಮ ಎಲೆಯನ್ನೇ ಮೊದಲು ನೋಡಿಕೊಂಡರು. ಪ್ಲಾಂಕ್ ನಿಮಿಷಕ್ಕೆ ಒಂದು ಸುತ್ತು ತಿರುಗುತ್ತಿತ್ತು, ಪ್ರತಿ ಸುತ್ತಿನಲ್ಲೂ ಆಕಾಶದ ಮೇಲೆ ಒಂದು ದೊಡ್ಡ ವೃತ್ತ ಎಳೆಯುತ್ತಿತ್ತು. ಸೆಕೆಂಡಿಗೆ 30 ಬಾರಿ ಏರಿಳಿಯುವ ಕಿರಿಕಿರಿ ಯಂತ್ರದಲ್ಲಿದ್ದರೆ, 60 ಸೆಕೆಂಡಿನ ಆ ವೃತ್ತದ ಮೇಲೆ ಎಷ್ಟು ಅಲೆಗಳು ಮೂಡುತ್ತವೆ? 30 ಗುಣಿಸು 60. ಉತ್ತರ 1800.

ಈ ಗುಣಾಕಾರ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಮೂರನೇ ಕ್ಲಾಸಿನ ಮಗ್ಗಿ ಅದು.

ಆದರೆ ಬರೀ ಅಂಕಿ ಹೊಂದಿದರೆ ಸಾಲದು. ಗೆರೆಯನ್ನು ಕಳೆದಿದ್ದರಲ್ಲ, ಮತ್ತೆ ಹೇಗೆ ಉಳಿಯಿತು? ಪ್ಲಾಂಕ್ ಒಂದೇ ವೃತ್ತವನ್ನು ಹತ್ತಾರು ಸಲ ಸುತ್ತಿ ಸರಾಸರಿ ತೆಗೆಯುತ್ತಿತ್ತು. ಆಕಾಶ ಪ್ರತಿ ಸುತ್ತಿನಲ್ಲೂ ಅಲ್ಲೇ ಇರುತ್ತದೆ. ಕಿರಿಕಿರಿ ಮಾತ್ರ ಪ್ರತಿ ಸಲ ಬೇರೆ ಜಾಗದಿಂದ ಶುರುವಾಗುವುದರಿಂದ ಸರಾಸರಿಯಲ್ಲಿ ತಾನೇ ಕರಗುತ್ತದೆ. ಆದರೆ ಸುತ್ತುವ ವೇಗ ಒಮ್ಮೊಮ್ಮೆ ಕೂದಲೆಳೆಯಷ್ಟು ಬದಲಾಗಿ, ಒಂದು ಸುತ್ತಿನಲ್ಲಿ ಕಿರಿಕಿರಿಯ ಅಲೆಗಳು ಪೂರ್ಣ ಸಂಖ್ಯೆಯಲ್ಲಿ ಕೂತುಬಿಡುತ್ತಿದ್ದವು. ಆಗ ಅದು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಏಳುತ್ತದೆ, ಅದೇ ಜಾಗದಲ್ಲಿ ಬೀಳುತ್ತದೆ. ಸರಾಸರಿ ತೆಗೆದಷ್ಟೂ ಗಟ್ಟಿಯಾಗುತ್ತದೆ. ಯಂತ್ರದ ಸದ್ದು ಆಕಾಶದ ವೇಷ ಹಾಕಿಕೊಳ್ಳುವುದು ಹೀಗೆ. ಇಂಥ ವೃತ್ತಗಳಿಗೆ ಅನುರಣಿಸುವ ವೃತ್ತಗಳು ಎನ್ನಬಹುದು. ಇನ್ನು, ಸದ್ದು ಸೇರಿದರೆ ಗ್ರಾಫ್ ಉಬ್ಬಬೇಕಲ್ಲವೇ, ಗುಂಡಿ ಯಾಕೆ ಬಿತ್ತು ಎಂದು ಕೇಳಬಹುದು. ಈ ಗ್ರಾಫನ್ನು ಒಂದು ಡಿಟೆಕ್ಟರಿನ ನಕ್ಷೆಯನ್ನು ಇನ್ನೊಂದರ ನಕ್ಷೆಯಿಂದ ಗುಣಿಸಿ ತೆಗೆಯುತ್ತಾರೆ. ಒಂದೇ ಕಿರಿಕಿರಿ ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ತಳ್ಳಿದರೆ ಗುಣಲಬ್ಧ ಋಣಸಂಖ್ಯೆ ಆಗುತ್ತದೆ.

ಇನ್ನೊಂದು ಸಂಗತಿ ಈ ಕತೆಯನ್ನು ನನಗೆ ಹತ್ತಿರವಾಗಿಸುತ್ತದೆ. ಈ ತನಿಖೆ ನಡೆಯುವ ಹೊತ್ತಿಗೆ ಬೊಲೋಮೀಟರುಗಳ ಕೆಲಸ ಮುಗಿದಿತ್ತು. 2012ರ ಜನವರಿಯಲ್ಲೇ ಹೀಲಿಯಂ ತೀರಿ ಅವು ಬೆಚ್ಚಗಾಗಿದ್ದವು. 15 ಲಕ್ಷ ಕಿಲೋಮೀಟರ್ ದೂರದ ಯಂತ್ರಕ್ಕೆ ಬೆರಳಿನಿಂದ ತಟ್ಟಿ ನೋಡುವಂತಿಲ್ಲ, ಡಬ್ಬಿಯ ಕೆಳಗೆ ಬಟ್ಟೆ ಇಡುವಂತಿಲ್ಲ, ಕಂಪ್ರೆಸರನ್ನು ಒಂದು ಗಂಟೆ ನಿಲ್ಲಿಸಿ ಇನ್ನೊಮ್ಮೆ ಅಳೆಯುವಂತೆಯೂ ಇಲ್ಲ. ಉಳಿದದ್ದು ಹಳೆಯ ದಾಖಲೆ ಮಾತ್ರ. ಊರಿಗೆ ಹೋಗಿ ಕೇಳಲು ಈಗ ಯಾರೂ ಇಲ್ಲದ, ಬರೀ ಕಾಗದಪತ್ರ ಉಳಿದ ಮನೆತನದ ವ್ಯಾಜ್ಯದ ಹಾಗೆ.

ತಮ್ಮ ಪ್ರಬಂಧಗಳು ಅಂತಿಮವಾಗಿ ಅಚ್ಚಾಗುವ ಮುನ್ನ ತಂಡದವರೇ ಅವುಗಳಲ್ಲಿ ಬರೆದರು: ಈ ಗುಂಡಿ ಆಕಾಶದ್ದಲ್ಲ, ನಮ್ಮ 4 ಕೆಲ್ವಿನ್ ಫ್ರಿಜ್ಜಿನ ವಿದ್ಯುತ್ ಸೋಂಕಿನದು ಎಂದು ತೋರುತ್ತದೆ. 2015ರ ಬಿಡುಗಡೆಯಲ್ಲಿ ಅನುರಣಿಸುವ ವೃತ್ತಗಳನ್ನು ಲೆಕ್ಕದಿಂದ ತೆಗೆದರು. ವಿಶ್ವದ ವಯಸ್ಸು, ದ್ರವ್ಯದ ಪ್ರಮಾಣ ಮುಂತಾದ ಮುಖ್ಯ ಫಲಿತಾಂಶಗಳಿಗೆ ಇದರಿಂದ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಹೋದದ್ದು ಒಂದು ಸಂಭ್ರಮದ ಸಾಧ್ಯತೆ ಮಾತ್ರ. ಆ ಸಾಧ್ಯತೆಯನ್ನು ಬೇರೆಯವರು ಬಂದು ಒಡೆಯುವ ಮೊದಲೇ ತಾವೇ ಒಡೆದರು.

ಇಂಥ ತನಿಖೆಗೆ ನಮ್ಮ ನಾಡಿನ ನೀರೂ ಸಾಕ್ಷಿಯಾಗಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಎಡ್ಜಸ್ ಎಂಬ ಪ್ರಯೋಗ ನಡೆಸಿದವರು 2018ರಲ್ಲಿ, ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಗುರುತು 78 ಮೆಗಾಹರ್ಟ್ಸ್ ಹತ್ತಿರ ಕಂಡಿದೆ ಎಂದು ಪ್ರಕಟಿಸಿದರು. ಇದು ಆಕಾಶದ್ದೋ ಉಪಕರಣದ್ದೋ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ 3 ಎಂಬ ರೇಡಿಯೊ ದೂರದರ್ಶಕವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟು ಅಳೆದರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು ಬಂಡೆಗಳ ಪದರಗಳು ಅಳತೆಯನ್ನು ಕೆಡಿಸುತ್ತವೆ. ಆಳವಾದ ನೀರು ಒಂದೇ ಸಮ. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶ, ಆಸ್ಟ್ರೇಲಿಯಾದವರು ಹೇಳಿದ ಆಕಾರದ ಗುರುತು ತಮಗೆ ಕಾಣುತ್ತಿಲ್ಲ ಎಂದು 95.3 ಶೇಕಡಾ ಭರವಸೆಯಿಂದ ಹೇಳಿತು. ಇಲ್ಲಿ ನೆಲವೇ ಡೊಂಕೇನೋ ಎಂಬ ಅನುಮಾನ ನಿಜವಾಗಿಯೂ ಇತ್ತು. ಅದಕ್ಕೇ ಅವರು ನೆಲ ಬಿಟ್ಟು ನೀರಿಗಿಳಿದರು.

ಊರು ಬಿಟ್ಟು ಬಂದ ನಮಗೆ ಹೊಸ ಊರಿನ ಸದ್ದು ಅರ್ಥವಾಗದಾಗ ದೂರುವುದು ಸುಲಭ. ಇಲ್ಲಿನ ಜನ ಹೀಗೆ, ಇಲ್ಲಿನ ಭಾಷೆ ಹೀಗೆ. ಎಷ್ಟೋ ಸಲ ನಡುಗುತ್ತಿರುವುದು ನಾವೇ ಹೊತ್ತು ತಂದ ಡಬ್ಬಿಯ ಮುಚ್ಚಳ. ಹಾಗೆಂದು ಎಲ್ಲವನ್ನೂ ನಮ್ಮ ಮೇಲೇ ಹಾಕಿಕೊಳ್ಳುವುದೂ ಸರಿಯಲ್ಲ. ಯಾನ್ಸ್ಕಿ ಕೇಳಿದ ಹಿಸ್ಸ್ ನಿಜಕ್ಕೂ ಆಕಾಶಗಂಗೆಯದೇ ಆಗಿತ್ತು. ಎರಡರ ನಡುವೆ ತೀರ್ಮಾನಿಸಲು ಬೇಕಾದ್ದು ತಾಳ್ಮೆ, ಒಂದು ಗಡಿಯಾರ, ಮತ್ತು ಉತ್ತರ ನಮ್ಮ ವಿರುದ್ಧ ಬಂದರೂ ಬರೆದಿಡುವ ಮನಸ್ಸು.

ಆ ಬಾಡಿಗೆ ಮನೆ ಬಿಟ್ಟು ಬಹಳ ವರ್ಷವಾಯಿತು. ಈಗಿನ ಫ್ರಿಜ್ಜು ಸದ್ದು ಮಾಡುವುದಿಲ್ಲ. ಆದರೂ ಅದರ ಮೇಲೆ ಏನಾದರೂ ಇಡುವಾಗ ಕೆಳಗೊಂದು ಬಟ್ಟೆ ಮಡಿಚಿಡುವ ಅಭ್ಯಾಸ ಹೋಗಿಲ್ಲ.